ಹತ್ತು ಫೋಟೋ ಹಾಕಿದ್ವಿ, ಕಥೆ ಎಲ್ಲಿ?

ಕಳೆದ ಸೆಮಿಸ್ಟರ್‌ನ ಒಂದು ಭಾನುವಾರ ನಾವು ಐದು ಜನ ಶಿವಮೊಗ್ಗದಲ್ಲಿ ಬಸ್ ಹತ್ತಿ ಭದ್ರಾವತಿಗೆ ಹೋಗಿದ್ವಿ. ಸುಮಾರು 20 ಕಿಲೋಮೀಟರ್ ಅಷ್ಟೇ. ಮೈಸೂರು ಪೇಪರ್ ಮಿಲ್ಸ್ ಬಗ್ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಫೋಟೋ ಕಥೆ ಮಾಡೋಣ ಅಂತ. 1936ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಸ್ಥಾಪನೆಯಾದ ಕಾರ್ಖಾನೆ ಅದು. 2015ರಿಂದ ಉತ್ಪಾದನೆ ನಿಂತಿದೆ. ಒಳಗೆ ಹೋಗಲು ನಮಗೆ ಅನುಮತಿ ಇರಲಿಲ್ಲ. ಹೊರಗಿನಿಂದಲೇ ಚಿಮಣಿ, ಮುಚ್ಚಿದ ಗೇಟು, ತುಕ್ಕು, ಗೋಡೆಯಲ್ಲಿ ಹುಟ್ಟಿದ ಗಿಡ ಅಂತ ಹತ್ತು ಫೋಟೋ ತೆಗೆದು ಸಂಜೆಗೇ ಹಾಕಿದ್ವಿ. ಲೈಕ್ ಚೆನ್ನಾಗೇ ಬಂದವು.

ನಮ್ಮ ಕ್ಲಾಸಿನ ಗೆಳತಿಯೊಬ್ಬಳ ಅಪ್ಪ ಅಲ್ಲೇ ಕೆಲಸ ಮಾಡಿದವರು. ಅವರಿಗೆ ತೋರಿಸಿದ್ವಿ. “ಚೆನ್ನಾಗಿದಾವಮ್ಮ. ಆದ್ರೆ ಇದು ಯಾವ ಊರಿನ ಹಾಳು ಕಟ್ಟಡ ಆದ್ರೂ ಆಗಬಹುದು. ನಾವೆಲ್ಲಿದೀವಿ ಇದರಲ್ಲಿ?” ಅಂದ್ರು.

ಹಾಸ್ಟೆಲ್‌ಗೆ ಬಂದು ಫೋಟೋಗಳ ಕ್ರಮ ಅದಲುಬದಲು ಮಾಡಿ ನೋಡಿದ್ವಿ. ಏನೂ ವ್ಯತ್ಯಾಸ ಆಗಲಿಲ್ಲ! ಕಥೆ ಇದ್ದಿದ್ದರೆ ಕೆಡಬೇಕಿತ್ತು. ನಿಮ್ಮ ಪೋಸ್ಟ್‌ಗೂ ಈ ಪರೀಕ್ಷೆ ಮಾಡಿ ನೋಡಿ.

ಎರಡನೇ ಸಲ ಕ್ಯಾಮೆರಾ ಮುಟ್ಟುವ ಮೊದಲು ಪೆನ್ಸಿಲ್ ಹಿಡಿದ್ವಿ. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ ಎಂಟು ಚೌಕಟ್ಟು ಸಿಗುತ್ತವೆ, ಅದೇ ಸ್ಟೋರಿಬೋರ್ಡ್. ಮಿನಿ ಡ್ರಾಫ್ಟರ್ ಬೇಡ, ಕಡ್ಡಿ ಮನುಷ್ಯರು ಸಾಕು. ಆದರೆ ದೂರದ ನೋಟವೋ ಹತ್ತಿರದ್ದೋ ಅನ್ನೋದು ಗೊತ್ತಾಗಬೇಕು. ಪ್ರತಿ ಚಿತ್ರದ ಕೆಳಗೆ ಒಂದೇ ಸಾಲು: ಹಿಂದಿನದಕ್ಕಿಂತ ಇಲ್ಲಿ ಏನು ಬದಲಾಯಿತು? ಉತ್ತರ ಬರೆಯಲು ಆಗದಿದ್ದರೆ ಆ ಚೌಕಟ್ಟು ದಂಡ. ನಮ್ಮ ಹತ್ತು ಫೋಟೋದಲ್ಲಿ ಉಳಿದದ್ದು ಎರಡು. (ಸೂರ್ಯಾಸ್ತದ ಚಿಮಣಿ ಬಿಡಲು ಜಗಳವೇ ಆಯಿತು.) ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ (1955) ಮಾಡುವಾಗ ಪೂರ್ತಿ ಚಿತ್ರಕಥೆ ಬರೆದಿರಲಿಲ್ಲ; ದೃಶ್ಯಗಳನ್ನು ಬರೆದುಕೊಂಡ ಚಿತ್ರಗಳನ್ನೇ ನಿರ್ಮಾಪಕರಿಗೆ ತೋರಿಸುತ್ತಿದ್ದರು.

ಖಾಲಿ ಉಳಿದ ಚೌಕಟ್ಟುಗಳೇ ನಮಗೆ ದಾರಿ ತೋರಿಸಿದ್ದು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಸೈಕಲ್‌ಗಳು ಹೊರಬರುವ ದೃಶ್ಯ ಬೇಕಿತ್ತು. ಅದನ್ನು ಈಗ ಎಲ್ಲಿಂದ ತರೋದು? ಗೆಳತಿಯ ಅಪ್ಪ ಹೇಳುತ್ತಾ ಹೋದರು, ನಾವು ಬರೆಯುತ್ತಾ ಹೋದ್ವಿ. ಮುಚ್ಚಿದ ಗೇಟಿನ ಫೋಟೋ, ಸ್ವೈಪ್ ಮಾಡಿದರೆ ಅದೇ ಗೇಟು ಪೆನ್ಸಿಲ್‌ನಲ್ಲಿ, ತೆರೆದಿರುವುದು. ಫೋಟೋ ಅಂತ ಯಾರೂ ತಪ್ಪು ತಿಳಿಯದಂತೆ “ನೆನಪಿನಿಂದ ಬರೆದ ಚಿತ್ರ” ಅಂತ ಮೂಲೆಯಲ್ಲಿ ಹಾಕಿದ್ವಿ.

ಮುಖ ತೋರಿಸಬಾರದು ಅಂತ ಅವರು ಮೊದಲೇ ಹೇಳಿದ್ದರು. ಹಾಗಾಗಿ ಎಂಟನೇ ಚೌಕಟ್ಟಿಗೆ ಏನು ಅನ್ನೋದು ಕೊನೆವರೆಗೂ ಹೊಳೆಯಲಿಲ್ಲ. ಬರೆದು ಮುಗಿಸಿ ಸ್ಟೋರಿಬೋರ್ಡನ್ನು ಅವರ ಕೈಗೆ ಕೊಟ್ವಿ. ಅವರು ಚಿತ್ರ ನೋಡಲೇ ಇಲ್ಲ. ಹಾಳೆಯ ಅಂಚನ್ನು ಎರಡು ಬೆರಳ ನಡುವೆ ಉಜ್ಜಿದರು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. “ಪೇಪರ್ ತೆಳು,” ಅಂದ್ರು.

ನಮ್ಮಲ್ಲೊಬ್ಬ ಅಷ್ಟರಲ್ಲಿ ಕ್ಲಿಕ್ ಮಾಡಿದ್ದ. ಕೈ, ಹಾಳೆ, ಬೆಳಕು ಅಷ್ಟೇ.