ಮದ್ದಿನ ಪಂಪಿನ ಗೇಜು ಸೋರಿದರೆ ಏನು ಮಾಡಬೇಕು?

ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕಾಲ ಬಂತೆಂದು ಪಂಪನ್ನು ಹೊರಗೆ ತೆಗೆದಾಗ, ಅದರ ಒತ್ತಡದ ಗೇಜಿನ ಸುತ್ತ ಅಂಟಂಟಾದ ದ್ರವ ಸೋರಿರುವುದು ನಮ್ಮ ಕಾಸರಗೋಡು ಸೀಮೆಯ ತೋಟಗಾರರಿಗೆ ಹೊಸತಲ್ಲ. ಕೆಲವರು ಗೇಜು ಕೆಟ್ಟಿತೆಂದು ಎಸೆಯುತ್ತಾರೆ. ಕೆಲವರು ಕಂಡೂ ಕಾಣದಂತೆ ಕೆಲಸ ಮುಂದುವರಿಸುತ್ತಾರೆ. ಎರಡೂ ಸರಿಯಲ್ಲ. ಮರದ ಮೇಲಿದ್ದು ಮದ್ದು ಬಿಡುವವನ ಹೋಸಿಗೆ ಎಷ್ಟು ಒತ್ತಡ ಹೋಗುತ್ತಿದೆ ಎಂಬುದನ್ನು ಕೆಳಗೆ ನಿಂತವನಿಗೆ ತಿಳಿಸುವುದು ಈ ಗೇಜೊಂದೇ. ಕೆಟ್ಟ ಗೇಜು ಕಡಿಮೆ ತೋರಿಸಿತೆಂದು ಒತ್ತಡ ಏರಿಸುತ್ತ ಹೋದರೆ, ಹೋಸು ಒಡೆದು ಮೇಲಿದ್ದವನ ಪ್ರಾಣಕ್ಕೆ ಕುತ್ತು ಬಂದೀತು.

ಗೇಜಿನ ಒಳಗೆ ಏನಿದೆ?

ಫ್ರಾನ್ಸ್ ದೇಶದ ಯೂಜೀನ್ ಬೂರ್ದೋನ್ ಎಂಬವರು 1849ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ಇದರಲ್ಲಿದೆ. ಡಬ್ಬಿಯೊಳಗೆ ಬಾಗಿದ, ಚಪ್ಪಟೆಯಾದ ಹಿತ್ತಾಳೆ ಕೊಳವೆಯೊಂದಿದೆ. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಸುರುಳಿ ಪೀಪಿಯನ್ನು ಊದಿದರೆ ಅದು ಬಿಚ್ಚಿಕೊಳ್ಳುವುದಷ್ಟೆ? ಹಾಗೆಯೇ ಒತ್ತಡ ಹೊಕ್ಕಾಗ ಈ ಕೊಳವೆ ತುಸು ನೆಟ್ಟಗಾಗುತ್ತದೆ. ಸಣ್ಣ ಹಲ್ಲುಚಕ್ರಗಳು ಆ ಚಲನೆಯನ್ನು ಮುಳ್ಳಿಗೆ ಮುಟ್ಟಿಸುತ್ತವೆ.

ಹಾಗಾದರೆ ದ್ರವವೇಕೆ? ಅದು ಗ್ಲಿಸರಿನ್. ಒತ್ತಡವನ್ನು ಅಳೆಯುವುದು ಅದಲ್ಲ. ಎಂಜಿನ್ನಿನ ನಡುಕದಿಂದ ಮುಳ್ಳು ಕುಣಿಯದಂತೆ, ಹಲ್ಲುಗಳು ಸವೆಯದಂತೆ, ಒಳಗೆ ತೇವ ಸೇರದಂತೆ ಕಾಯುವುದಷ್ಟೇ ಅದರ ಕೆಲಸ. ಆದುದರಿಂದ ಗ್ಲಿಸರಿನ್ ಸೋರಿದ ಮಾತ್ರಕ್ಕೆ ಗೇಜು ಸುಳ್ಳು ಹೇಳುವುದಿಲ್ಲ. ಆದರೆ ಹಾಗೆಯೇ ಬಿಟ್ಟರೆ ಅದರ ಆಯುಸ್ಸು ಕುಗ್ಗುತ್ತದೆ.

ಎಲ್ಲಿಂದ ಸೋರುತ್ತದೆ?

ಎಂಜಿನ್ ನಿಲ್ಲಿಸಿ, ಒತ್ತಡವನ್ನೆಲ್ಲ ಬಿಟ್ಟು, ಗೇಜನ್ನು ಬಿಚ್ಚಿ ಒರಸಿ, ಹಳೆಯ ಕಾಗದದ ಮೇಲೆ ಒಂದು ರಾತ್ರಿ ನೇರವಾಗಿ ನಿಲ್ಲಿಸಿರಿ. ಒದ್ದೆಯಾದ ಸ್ಥಳವೇ ಕಾರಣವನ್ನು ಹೇಳುತ್ತದೆ.

1. ಮೇಲಿನ ರಬ್ಬರ್ ಬಿರಡೆ: ಡಬ್ಬಿಗೆ ಉಸಿರಾಡಲು ಇಲ್ಲಿ ದಾರಿ ಇರುತ್ತದೆ. ದಾರಿ ತೆರೆದಿದ್ದಾಗ ಪಂಪನ್ನು ಅಡ್ಡ ಮಲಗಿಸಿ ಸಾಗಿಸಿದರೆ ಸೋರದೆ ಇರದು. ಇದು ಗೇಜಿನ ದೋಷವಲ್ಲ. ರಬ್ಬರ್ ಬಿರುಕು ಬಿಟ್ಟಿದ್ದರೆ ಮಾತ್ರ ಬದಲಿಸಬೇಕು.

2. ಗಾಜಿನ ಅಂಚು: ಬಿಸಿಲಿಗೆ ಒಳಗಿನ ರಬ್ಬರ್ ಬಳೆ ಗಟ್ಟಿಯಾಗಿರುತ್ತದೆ. ತಿರುಪಿನ ಮುಚ್ಚಳವಾದರೆ ಬಳೆ ಬದಲಿಸಬಹುದು. ಅಂಚು ಮಡಚಿ ಒತ್ತಿದ ಮುಚ್ಚಳವಾದರೆ ಬಿಚ್ಚಲು ಹೋಗಬಾರದು.

3. ಕಾಂಡದ ಬುಡ: ಡಬ್ಬಿಯನ್ನೇ ಕೈಯಲ್ಲಿ ಹಿಡಿದು ತಿರುಗಿಸಿದ್ದರ ಫಲ. ಕೆಳಗಿನ ಚೌಕಕ್ಕೆ ಸ್ಪಾನರ್ ಹಾಕಿಯೇ ಬಿಗಿಯತಕ್ಕದ್ದು.

4. ಕೊಳವೆಯೇ ಒಡೆದಿರುವುದು: ಗ್ಲಿಸರಿನ್ ಮಬ್ಬಾಗಿ ಅಥವಾ ಮೈಲುತುತ್ತದ ನೀಲಿಗೆ ತಿರುಗಿ, ಕಡಿಮೆಯಾಗುವ ಬದಲು ಮಟ್ಟ ಏರಿದ್ದರೆ ಇದೇ ಕಾರಣ. ಅಂಥ ಗೇಜನ್ನು ಒಂದು ಗಳಿಗೆಯೂ ಬಳಸಕೂಡದು.

ತುಂಬುವ ಕ್ರಮ

ಔಷಧದಂಗಡಿಯ ಶುದ್ಧ ಗ್ಲಿಸರಿನ್ ಸಾಕು. ನೀರು ಬೆರೆಸಿದರೆ ತುಕ್ಕು ಹಿಡಿಯುತ್ತದೆ. ಎಂಜಿನ್ ಎಣ್ಣೆಗೆ ರಬ್ಬರ್ ಉಬ್ಬುವ ಭಯವಿದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಗ್ಲಿಸರಿನ್ ತೆಳುವಾಗುತ್ತದೆ. ಬಿರಡೆ ತೆಗೆದು, ಸಿರಿಂಜಿನಿಂದ ನಿಧಾನವಾಗಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ತುಂಬಿರಿ. ಉಳಿದ ಗಾಳಿಗುಳ್ಳೆ ಬೇಕೇ ಬೇಕು. ಬಿಸಿಲಿಗೆ ದ್ರವ ಹಿಗ್ಗಿದಾಗ ಅದಕ್ಕೆ ಜಾಗ ಬೇಡವೆ? ಒಂದು ದಿನ ನಿಲ್ಲಿಸಿ, ಸೋರದಿದ್ದರೆ ಮೊದಲಿನಂತೆಯೇ ಕೂಡಿಸಿರಿ. ತಿರುಪಿಗೆ ಟೆಫ್ಲಾನ್ ಪಟ್ಟಿ ಸುತ್ತುವುದಿದ್ದರೆ ತುದಿಯ ಮೊದಲ ಸುತ್ತನ್ನು ಬಿಡಿರಿ; ಚೂರು ಒಳಗೆ ಹೋದರೆ ರಂಧ್ರ ಕಟ್ಟಿಕೊಳ್ಳುತ್ತದೆ.

ಪರೀಕ್ಷೆ

ಒತ್ತಡವಿಲ್ಲದಾಗ ಮುಳ್ಳು ಸೊನ್ನೆಯಲ್ಲಿರಬೇಕು. ಇಲ್ಲವಾದರೆ ಬಿರಡೆಯ ಅಂಚನ್ನು ಒಮ್ಮೆ ಎತ್ತಿರಿ. ಮುಳ್ಳು ಸೊನ್ನೆಗೆ ಬಂದರೆ, ಡಬ್ಬಿಯೊಳಗೆ ಸಿಕ್ಕಿಕೊಂಡ ಒತ್ತಡವೇ ಕಾರಣ. ಆಗಲೂ ಬಾರದಿದ್ದರೆ ಹೊಸ ಗೇಜು ತರುವುದೇ ಲೇಸು. ತರುವಾಗ, 30 ಕಿಲೋ ಒತ್ತಡದಲ್ಲಿ ಕೆಲಸ ಮಾಡುವ ಪಂಪಿಗೆ 60 ಕಿಲೋವರೆಗಿನ ಗೇಜು ಕೇಳಿರಿ. ಮುಳ್ಳು ನಡುಭಾಗದಲ್ಲಿ ಓಡಾಡಿದರೆ ಕೊಳವೆ ಬಾಳುತ್ತದೆ.

ಎರಡು ಎಚ್ಚರಿಕೆಗಳು

ಈ ಮಾತೆಲ್ಲ ನೀರಿನ ಪಂಪಿನ ಗೇಜಿಗೆ ಮಾತ್ರ. 200 ಬಾರ್‌ನಷ್ಟು ಗಾಳಿ ತುಂಬುವ ಏರ್‌ಗನ್ನಿನಂಥ ಸಾಧನಗಳ ಗೇಜನ್ನು ಮನೆಯಲ್ಲಿ ಬಿಚ್ಚಬಾರದು. ಒತ್ತಿದ ಗಾಳಿ ನೀರಿನಂತೆ ಒಂದು ಚಿಮ್ಮಿಗೆ ಮುಗಿಯದು, ಸಿಡಿಯುತ್ತದೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಗೇಜಿಗಂತೂ ಗ್ಲಿಸರಿನ್, ಎಣ್ಣೆ ಸೋಕಲೇಬಾರದು. ಬೆಂಕಿ ಹತ್ತುವುದು ನಿಶ್ಚಯವೆಂದೇ ತಿಳಿಯಬೇಕು.

ಮದ್ದು ಬಿಟ್ಟಾದ ಮೇಲೆ ಪ್ರತಿದಿನವೂ ಹತ್ತು ನಿಮಿಷ ಶುದ್ಧ ನೀರನ್ನು ಪಂಪಿನಲ್ಲಿ ಓಡಿಸೋಣ. ಸುಣ್ಣದ ಗಸಿ ಗೇಜಿನ ರಂಧ್ರದಲ್ಲಿ ಕಟ್ಟಿಕೊಳ್ಳದಂತೆ ನೋಡಿಕೊಂಡರೆ ಮುಳ್ಳು ನಿಜವನ್ನೇ ಹೇಳುತ್ತದೆ.