ಸಂಶೋಧನೆಗೆ ನಂಬಲರ್ಹ ದತ್ತಸಂಚಯಗಳ ಆಯ್ಕೆ

ಸಂಶೋಧನೆಯ ಮೌಲ್ಯವು ಅದು ಅವಲಂಬಿಸಿರುವ ಆಕರಗಳ ಮೌಲ್ಯವನ್ನು ಮೀರಲಾರದು. ಹಿಂದೆ ಗ್ರಂಥಾಲಯದ ಕಪಾಟುಗಳಲ್ಲಿ ಅರಸಬೇಕಾಗಿದ್ದ ಪ್ರಬಂಧಗಳು ಇಂದು ಗಣಕಯಂತ್ರದ ದತ್ತಸಂಚಯಗಳಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತವೆ. ಪ್ರಬಂಧಗಳ ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶ ಮತ್ತು ಕೆಲವೊಮ್ಮೆ ಪೂರ್ಣಪಾಠವನ್ನು ಕ್ರಮವಾಗಿ ಜೋಡಿಸಿಟ್ಟ ಸಂಗ್ರಹವೇ ದತ್ತಸಂಚಯ. ಆದರೆ ದೊರೆತದ್ದೆಲ್ಲವೂ ನಂಬಲರ್ಹವಲ್ಲ.

ಒಂದು ನಿದರ್ಶನ

1998ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್' ಒಂದು ಪ್ರಬಂಧವನ್ನು ಪ್ರಕಟಿಸಿತು. ಕೇವಲ 12 ಮಕ್ಕಳನ್ನು ಕುರಿತ ಆ ಬರಹವು, ದಡಾರ, ಮಂಗನಬಾವು ಹಾಗೂ ರುಬೆಲ್ಲಾ ರೋಗಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಹುಟ್ಟಿಸಿತು. ಅನೇಕ ತಂದೆತಾಯಿಯರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದರು. ಬ್ರಿಟನ್ನಿನಲ್ಲಿ ದಡಾರವು ಮತ್ತೆ ತಲೆಯೆತ್ತಿತು. 2010ರಲ್ಲಿ ಪತ್ರಿಕೆಯು ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. 'ಪಬ್‌ಮೆಡ್' ದತ್ತಸಂಚಯದಲ್ಲಿ ಇಂದು ಅದನ್ನು ಹುಡುಕಿದರೆ, ಹಿಂತೆಗೆದುಕೊಂಡ ಪ್ರಬಂಧವೆಂಬ ಸೂಚನೆಯು ಎದುರಿಗೇ ಕಾಣುತ್ತದೆ. ಬೇರೆಲ್ಲಿಯೋ ಉಳಿದಿರುವ ಹಳೆಯ ಪ್ರತಿಯನ್ನು ಓದುವವರಿಗೆ ಈ ಸೂಚನೆ ದೊರೆಯದಿರಬಹುದು. ಉತ್ತಮ ದತ್ತಸಂಚಯದಲ್ಲಿಯೂ ತಪ್ಪು ಪ್ರಬಂಧ ಸೇರಬಹುದು. ಆದರೆ ಅದು ತಪ್ಪೆಂದು ತಿಳಿದಾಗ ಓದುಗರಿಗೆ ತಿಳಿಸುವುದೇ ಅದರ ಲಕ್ಷಣ.

ಪರೀಕ್ಷಿಸಬೇಕಾದ ಅಂಶಗಳು

1. ನಿರ್ವಹಣೆ: ದತ್ತಸಂಚಯವನ್ನು ನಡೆಸುವ ಸಂಸ್ಥೆ ಯಾವುದೆಂಬುದು ಸ್ಪಷ್ಟವಾಗಿರಬೇಕು. ಪಬ್‌ಮೆಡ್ ಅನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1996ರಿಂದ ನಡೆಸುತ್ತಿದೆ.

2. ಆಯ್ಕೆ: 'ಸ್ಕೋಪಸ್' ಮತ್ತು 'ವೆಬ್ ಆಫ್ ಸೈನ್ಸ್' ಪತ್ರಿಕೆಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುತ್ತವೆ, ಗುಣಮಟ್ಟ ಕುಸಿದವನ್ನು ಕೈಬಿಡುವುದೂ ಉಂಟು. 'ಗೂಗಲ್ ಸ್ಕಾಲರ್' ಯಾಂತ್ರಿಕವಾಗಿ ಸಂಗ್ರಹಿಸುವುದರಿಂದ ಅದರ ವ್ಯಾಪ್ತಿ ವಿಶಾಲವಾದರೂ ಕಾಳು ಜೊಳ್ಳನ್ನು ಬೇರ್ಪಡಿಸುವ ಹೊಣೆ ಓದುಗರದು.

3. ವಿಷಯ: ವೈದ್ಯಕೀಯಕ್ಕೆ ಯುಕ್ತವಾದುದು ಇತಿಹಾಸಕ್ಕಾಗಲಿ ಸಾಹಿತ್ಯಕ್ಕಾಗಲಿ ಸಾಲದು.

4. ದೃಢೀಕರಣ: ಹಣ ಪಡೆದು, ತಜ್ಞರ ಪರಿಶೀಲನೆಯಿಲ್ಲದೆ ಪ್ರಕಟಿಸುವ ಪತ್ರಿಕೆಗಳು ತಾವು ಪ್ರಸಿದ್ಧ ದತ್ತಸಂಚಯಗಳಲ್ಲಿ ಸೇರಿರುವುದಾಗಿ ಹೇಳಿಕೊಳ್ಳುವುದುಂಟು. ಇದನ್ನು ಪತ್ರಿಕೆಯ ಮಾತಿನಿಂದ ನಂಬದೆ, ಆಯಾ ದತ್ತಸಂಚಯದಲ್ಲಿಯೇ ಪರೀಕ್ಷಿಸಬೇಕು.

ಭಾರತದಲ್ಲಿರುವ ಸೌಲಭ್ಯಗಳು

ಗಾಂಧಿನಗರದ 'ಇನ್‌ಫ್ಲಿಬ್‌ನೆಟ್' ಕೇಂದ್ರವು ನಡೆಸುವ 'ಶೋಧಗಂಗಾ' ಸಂಗ್ರಹದಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಮಹಾಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಕರ್ನಾಟಕದ ವಿಶ್ವವಿದ್ಯಾನಿಲಯಗಳಿಗೆ ಸಲ್ಲಿಕೆಯಾದ ಕನ್ನಡ ಮಹಾಪ್ರಬಂಧಗಳೂ ಅಲ್ಲಿರುವುದರಿಂದ, ಮುಂಬಯಿ ಅಥವಾ ದೆಹಲಿಯಲ್ಲಿ ನೆಲೆಸಿರುವ ಕನ್ನಡ ವಿದ್ಯಾರ್ಥಿಗೆ ಇದು ವಿಶೇಷವಾಗಿ ಉಪಯುಕ್ತ. 2025ರ ಜನವರಿ 1ರಿಂದ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯನ್ವಯ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಲಭ್ಯವಾದವು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಂಗೀಕೃತ ಪತ್ರಿಕೆಗಳ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಇದರಿಂದಾಗಿ ಯೋಗ್ಯ ಪತ್ರಿಕೆಯನ್ನು ಗುರುತಿಸುವ ಹೊಣೆಯು ವಿದ್ಯಾಸಂಸ್ಥೆಗಳ ಹಾಗೂ ಸಂಶೋಧಕರ ಮೇಲೆಯೇ ಬಿದ್ದಿದೆ. ಆದುದರಿಂದ ಸಂಶೋಧಕರು ಒಂದೇ ದತ್ತಸಂಚಯವನ್ನು ನೆಚ್ಚಿಕೊಳ್ಳದೆ ಎರಡು ಮೂರನ್ನು ತಾಳೆ ನೋಡುವುದು, ಗ್ರಂಥಪಾಲಕರ ಸಲಹೆ ಪಡೆಯುವುದು, ಹಾಗೂ ಉಲ್ಲೇಖಿಸುವ ಮುನ್ನ ಪ್ರಬಂಧವು ಹಿಂತೆಗೆದುಕೊಳ್ಳಲ್ಪಟ್ಟಿದೆಯೇ ಎಂದು ಪರಿಶೀಲಿಸುವುದು ಅವಶ್ಯಕ.