ಎರಡು ಮೋಟಾರಿನ ಕಾರು: ನಾಲ್ಕು ಚಕ್ರಕ್ಕೆ ಬಲ ಹೇಗೆ?

ಬೆಳೆಗಾರ ಬಂಧುಗಳಿಗೆ ಪರಿಚಿತವಾದ ಜೀಪಿನಲ್ಲಿ ಎಂಜಿನ್ ಒಂದೇ. ಟ್ರಾನ್ಸ್‌ಫರ್ ಕೇಸಿನಿಂದ ಹೊರಟ ಶಾಫ್ಟುಗಳು ಬಲವನ್ನು ಹಿಂದಕ್ಕೂ ಮುಂದಕ್ಕೂ ಒಯ್ಯುತ್ತವೆ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ವಿದ್ಯುತ್ ಕಾರಿನ ಎರಡು ಮೋಟಾರಿನ ಮಾದರಿಯಲ್ಲಿ ಆ ಶಾಫ್ಟೇ ಇಲ್ಲ. ಮುಂದಿನ ಆಕ್ಸಲಿಗೊಂದು, ಹಿಂದಿನದಕ್ಕೊಂದು ಮೋಟಾರು. ಹಿಂಚಕ್ರಗಳು ಕೆಸರಿನಲ್ಲಿ ಜಾರಿದರೆ, ಚಕ್ರದ ವೇಗ ಅಳೆಯುವ ಸಾಧನ ಅದನ್ನು ತಿಳಿಸುತ್ತದೆ. ನಿಯಂತ್ರಕವು ರೆಪ್ಪೆ ಮಿಟುಕಿಸುವುದರೊಳಗೆ ಹಿಂದಿನ ಬಲ ತಗ್ಗಿಸಿ ಮುಂದಿನ ಮೋಟಾರನ್ನು ದುಡಿಸುತ್ತದೆ. ಬೋಳು ಟಯರಿಗೆ ಇದಾವುದೂ ಮದ್ದಲ್ಲ ಬಿಡಿ.

ನಾವು ಒತ್ತಿ ಹೇಳಬೇಕಾದದ್ದು ಇಳಿಜಾರಿನ ವಿಷಯ. ಅಲ್ಲಿ ಮೋಟಾರುಗಳೇ ಡೈನಮೋಗಳಾಗಿ ವೇಗ ತಡೆದು, ಬ್ಯಾಟರಿಗೆ ವಿದ್ಯುತ್ ತುಂಬುತ್ತವೆ. ಬ್ಯಾಟರಿ ಆಗಲೇ ಪೂರ್ತಿ ತುಂಬಿದ್ದರೆ ವಿದ್ಯುತ್ತಿಗೆ ಜಾಗವಿಲ್ಲ. ತಡೆಯೂ ಕುಗ್ಗುತ್ತದೆ, ಭಾರವೆಲ್ಲ ಕಾಲಿನ ಬ್ರೇಕಿನ ಮೇಲೆ. ಆದ್ದರಿಂದ ಬೆಳಿಗ್ಗೆ ಘಾಟಿ ಇಳಿಯುವವರು ರಾತ್ರಿ ನೂರಕ್ಕೆ ನೂರು ಚಾರ್ಜು ಮಾಡಬಾರದು.